ಕೋಟೆಯ ಹೊಂಡ, ಮನೆಯ ಮಾಡು, ಬಚ್ಚಲ ನೀರು

ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಓಬವ್ವನ ಕಿಂಡಿ ಹತ್ರ ನಿಂತು ಫೋಟೋ ತೆಗೀತಾರೆ. ಒನಕೆ ವಿಚಾರ ಎಲ್ಲರಿಗೂ ಗೊತ್ತು, ಆದ್ರೆ ಆ ಕಥೆ ಶುರುವಾಗೋದೇ ನೀರಿನಿಂದ. ಗಂಡ ಊಟಕ್ಕೆ ಕೂತಾಗ ಕುಡಿಯೋಕೆ ನೀರಿಲ್ಲ ಅಂತ ಆಕೆ ತಣ್ಣೀರು ದೋಣಿಗೆ ಹೋದಳು, ಆಗಲೇ ಹೈದರಾಲಿಯ ಸೈನಿಕರು ನುಸುಳೋದು ಕಂಡದ್ದು. ನಾನಂತೂ ಕೋಟೆಗೆ ಹೋದ್ರೆ ಬುರುಜಿಗಿಂತ ಹೊಂಡ ನೋಡೋದೇ ಜಾಸ್ತಿ.

ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದ್ರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಸಂತೆ ಹೊಂಡಕ್ಕೆ. ಒಂದರಲ್ಲಿ ಕೆಸರು ತಳ ಹಿಡಿದ್ರೆ ತಿಳಿನೀರು ಮುಂದಿನದಕ್ಕೆ. ನಾಯಕರ ಬುದ್ಧಿವಂತಿಕೆ ಅಂತ ಹೊಗಳ್ತೀವಿ, ಹೊಗಳಬೇಕಾದ್ದೇ. ಆದ್ರೆ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಮಾಡಿದ್ದು ಬಂಡೆ. ಬಂಡೆ ನೀರು ಕುಡಿಯಲ್ಲ, ಬಿದ್ದದ್ದನ್ನೆಲ್ಲ ಕೆಳಕ್ಕೆ ಬಿಡ್ತದೆ. ಇವರು ಅಡ್ಡ ಕಟ್ಟಿದರು, ಅಷ್ಟೇ. ಅವರೇ ಮೊದಲೂ ಅಲ್ಲ ಬಿಡಿ, ಪಕ್ಕದ ಚಂದ್ರವಳ್ಳಿಯಲ್ಲಿರೋ ಕದಂಬ ಮಯೂರಶರ್ಮನ 4ನೇ ಶತಮಾನದ ಬಂಡೆ ಶಾಸನ ಹೇಳೋದೂ ಕೆರೆ ವಿಚಾರನೇ.

ಹಳ್ಳಿಗಳಲ್ಲೂ ಕುಡಿಯೋದು ಕೆರೆ ನೀರು, ಬಾವಿ ನೀರೇ ಆಗಿತ್ತು. 1970ರ ದಶಕದಿಂದ ಕೈಪಂಪು ಬಂತು. ಅದನ್ನ ಬೈಯೋದು ಸರಿಯಲ್ಲ. ಹೊರೋ ಕಷ್ಟ ಇಳೀತು. ಬಯಲುಸೀಮೆಯ ಎಷ್ಟೋ ಊರಲ್ಲಿ ಮೆಟ್ಟಿಲು ಬಾವಿಯಿಂದ ಹರಡ್ತಿದ್ದ ನಾರುಹುಣ್ಣು ತೊಲಗೋಕೂ ಅದು ಒಂದು ಕಾರಣ. ಆದ್ರೆ ಬೋರು ಆಳಕ್ಕಿಳಿದಂಗೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಐತೆ. ದಾಟಿದ ಊರಲ್ಲಿ ಮಕ್ಕಳ ಹಲ್ಲು ನೋಡಿದ್ರೆ ಗೊತ್ತಾಗ್ತದೆ, ದೊಡ್ಡೋರಿಗೆ ಕೀಲು ನೋವು. ಕುದಿಸಿದ್ರೂ ಅದು ಹೋಗಲ್ಲ. ಮಳೆ ನೀರಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ.

ಈಗ ನಮ್ಮ ಮನೆ ಶೀಟೂ ಒಂದು ಬಂಡೆನೇ. ಸಾವಿರ ಚದರಡಿ ಮಾಡಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಬಿದ್ರೆ ಸುಮಾರು 55 ಸಾವಿರ ಲೀಟರ್ ಆಗ್ತದೆ. ಸೋರಿದ್ದು, ಮೊದಲ ಮಳೆಯ ಧೂಳು ನೀರು ಬಿಟ್ಟದ್ದು ಕಳೆದ್ರೂ 40 ಸಾವಿರಕ್ಕೆ ಮೋಸ ಇಲ್ಲ. ಐದು ಜನ ಕುಡಿಯೋಕೆ, ಅಡಿಗೆಗೆ ದಿನಕ್ಕೆ 40 ಲೀಟರ್ ಹಿಡೀರಿ, ವರ್ಷಕ್ಕೆ 15 ಸಾವಿರವೂ ಆಗಲ್ಲ. ಬೆಂಗಳೂರಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ 1995ರಿಂದ ಜಲಮಂಡಳಿ ನೀರಿಲ್ಲದೆ ಮಳೆ ನೀರಲ್ಲೇ ಮನೆ ನಡೆಸಿ ತೋರಿಸಿದರು. ಅಲ್ಲಿ 2009ರಲ್ಲಿ ಕಾನೂನೂ ಬಂತು. ನಮ್ಮ ಹಳ್ಳಿಗೆ ಕಾನೂನಿಲ್ಲ. ಕ್ಯಾನ್ ನೀರಿಗೆ ದುಡ್ಡು ಕೊಟ್ಟು, ಮಾಡಿನ ನೀರನ್ನ ಚರಂಡಿಗೆ ಬಿಡ್ತೀವಿ.

ಬಚ್ಚಲ ನೀರಿನ ಕಥೆಯೂ ಹಂಗೇ. ಹಿತ್ತಲಲ್ಲಿ ಬಾಳೆ, ಕೆಸ, ಒಂದು ತೆಂಗು ಬೆಳೀತಿದ್ದುದೇ ಅದರಿಂದ. ರಸ್ತೆಗೆ ಕಾಂಕ್ರೀಟ್ ಆದ್ಮೇಲೆ ಹಿತ್ತಲೂ ಹೋಯ್ತು, ಬಾಳೆನೂ ಹೋಯ್ತು, ಸೊಳ್ಳೆ ಉಳೀತು. ನಾನು ಬಚ್ಚಲ ನೀರನ್ನ ಜಲ್ಲಿ, ಮರಳು ತುಂಬಿದ ಗುಂಡಿ ದಾಟಿಸಿ ತೆಂಗಿಗೇ ಬಿಡ್ತೀನಿ, ಸೊಪ್ಪು-ತರಕಾರಿಗೆ ಮಾತ್ರ ಬಿಡಲ್ಲ. ಸೋಪಿನ ನೀರು ಒಂದೇ ಬುಡಕ್ಕೆ ವರ್ಷಾನುಗಟ್ಟಲೆ ಹೋದ್ರೆ ಮಣ್ಣು ಗಟ್ಟಿಯಾಗ್ತದೆ, ಅದಕ್ಕೆ ಪೈಪನ್ನ ಮರದಿಂದ ಮರಕ್ಕೆ ಬದಲಾಯಿಸ್ತಿರ್ತೀನಿ. ಗುಂಡಿಯ ಮೇಲಿನ ಮರಳನ್ನ ಮುಂಗಾರಿಗೆ ಮೊದ್ಲು ತೆಗೆದು ತೊಳೀಬೇಕು, ಈ ವಾರ ಅದೇ ಕೆಲಸ.