ಖೈರುನ್ನಿಸಾ ಬೇಗಂ ಹೆಸರು ಉಳಿದದ್ದು ಹೇಗೆ?

ಹೈದರಾಬಾದಿನಲ್ಲಿರುವ ನಮಗೆಲ್ಲ ಕೋಠಿ ಎಂದರೆ ಹಳೆಯ ಪುಸ್ತಕಗಳ ಅಂಗಡಿ, ಪಕ್ಕದ ಸುಲ್ತಾನ್ ಬಜಾರಿನ ಸೀರೆ-ಬಳೆ, ಸದಾ ಗಿಜಿಗುಡುವ ಬಸ್ ನಿಲ್ದಾಣ. ಈ ಗದ್ದಲದ ನಡುವೆಯೇ ಮಹಿಳಾ ಕಾಲೇಜಿನ ಕಾಂಪೌಂಡಿನೊಳಗೆ ಎತ್ತರದ ಕಂಬಗಳ ಒಂದು ಭವ್ಯ ಕಟ್ಟಡವಿದೆ. ಕೋಠಿ ಎಂಬ ಹೆಸರು ಬಂದದ್ದೇ ಆ ಕಟ್ಟಡದಿಂದ. 1803ರಲ್ಲಿ ಕಟ್ಟಲು ಶುರುಮಾಡಿದ ಬ್ರಿಟಿಷ್ ರೆಸಿಡೆನ್ಸಿ ಅದು. ಸ್ವಾತಂತ್ರ್ಯದ ನಂತರ ಅಲ್ಲಿ ಹೆಣ್ಣುಮಕ್ಕಳ ಕಾಲೇಜು ಬಂತು, ಈಗ ಅದು ಮಹಿಳಾ ವಿಶ್ವವಿದ್ಯಾಲಯ.

ಆ ಕಟ್ಟಡ ಕಟ್ಟಿಸಿದವನು ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್. ಅವನ ಹೆಂಡತಿ ಇದೇ ಊರಿನ ಖೈರುನ್ನಿಸಾ ಬೇಗಂ. ಹುಟ್ಟಿದ್ದು 1786ರ ಸುಮಾರಿಗೆ, ತೀರಿಕೊಂಡದ್ದು 1813ರಲ್ಲಿ. ಪರದೆಯೊಳಗೆ ಬದುಕಿ ಇಪ್ಪತ್ತೇಳರ ಹರೆಯದಲ್ಲೇ ಹೋದ ಈ ಹೆಣ್ಣುಮಗಳು ಯಾರು, ಯಾರ ಮಗಳು, ಯಾರ ತಾಯಿ ಎಂಬುದು ಇನ್ನೂರು ವರ್ಷಗಳ ನಂತರವೂ ನಮಗೆ ಗೊತ್ತಿದೆ. ನಮ್ಮ ನಿಮ್ಮ ಮನೆಗಳಲ್ಲಿ ಅದೇ ಕಾಲದಲ್ಲಿದ್ದ ಅಜ್ಜಿಯೊಬ್ಬರ ಹೆಸರು ನಮಗೆ ಗೊತ್ತಿದೆಯೇ? ಈ ಲೇಖನ ಬರೆಯಲು ಕಾರಣ ಆ ಪ್ರಶ್ನೆ.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಮನೆಯ ವಂಶಾವಳಿಯಲ್ಲಿ ಏಳು ತಲೆಮಾರಿನ ಗಂಡಸರ ಹೆಸರುಗಳಿವೆ. ತಲೆಮಾರಿಗೆ ಇಪ್ಪತ್ತೈದು, ಮೂವತ್ತು ವರ್ಷ ಹಿಡಿದರೆ ಏಳನೆಯವರು ಹದಿನೆಂಟನೇ ಶತಮಾನದ ಕೊನೆಯ ಭಾಗಕ್ಕೆ ಸೇರುತ್ತಾರೆ. ನನಗೆ ತಂದೆ-ತಾಯಿ ಇಬ್ಬರು, ಅಜ್ಜ-ಅಜ್ಜಿಯರು ನಾಲ್ವರು, ಮುತ್ತಜ್ಜ-ಮುತ್ತಜ್ಜಿಯರು ಎಂಟು ಮಂದಿ. ಹೀಗೆ ದುಪ್ಪಟ್ಟಾಗುತ್ತ ಹೋದರೆ ಏಳನೇ ತಲೆಮಾರಿನಲ್ಲಿ 128 ಜನ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುತ್ತಿದ್ದ ನಮ್ಮಲ್ಲಿ ಈ ಸಂಖ್ಯೆ ಸ್ವಲ್ಪ ಕಡಿಮೆಯಾದೀತು. ಆದರೂ ಅವರಲ್ಲಿ ಅರ್ಧದಷ್ಟು ಹೆಂಗಸರೇ. ವಂಶಾವಳಿಯಲ್ಲಿ ಮಾತ್ರ ಆ ತಲೆಮಾರಿನಿಂದ ಉಳಿದಿರುವುದು ಒಂದೇ ಒಂದು ಹೆಸರು, ಅದೂ ಗಂಡಸಿನದು. ನಾವು 'ನಮ್ಮ ಮೂಲಪುರುಷ' ಎಂದು ಕರೆಯುವುದು 128ರಲ್ಲಿ ಒಬ್ಬನನ್ನು.

ನನ್ನದು ಡೇಟಾ ಕೆಲಸ. ಒಬ್ಬನೇ ಗ್ರಾಹಕ ನಾಲ್ಕು ಪಟ್ಟಿಗಳಲ್ಲಿ ನಾಲ್ಕು ಹೆಸರಿನಲ್ಲಿದ್ದರೆ, ಅವರೆಲ್ಲ ಒಬ್ಬರೇ ಎಂದು ಗುರುತಿಸುವುದು ನನ್ನ ದಿನನಿತ್ಯದ ಪಾಡು. ಖೈರುನ್ನಿಸಾಳ ಕಥೆಯನ್ನು ನಾನು ಆ ಕಣ್ಣಿನಿಂದಲೇ ನೋಡುತ್ತೇನೆ. ಯಾವ ದಾಖಲೆ ಅವಳ ಬಗ್ಗೆ ಏನು ಹೇಳಿತು, ಏಕೆ ಹೇಳಿತು?

ಮೊದಲು ಗಂಡನ ವಿಷಯ. ಕಿರ್ಕ್‌ಪ್ಯಾಟ್ರಿಕ್ 1764ರಲ್ಲಿ ಮದರಾಸಿನಲ್ಲಿ ಹುಟ್ಟಿದವನು, 1798ರಿಂದ ಇಲ್ಲಿ ರೆಸಿಡೆಂಟ್. ಅವನನ್ನು ಹುಡುಕುವುದು ಸುಲಭ. ಹುದ್ದೆ ಇದ್ದ ಕಡೆ ಕಾಗದ ಇರುತ್ತದೆ. 1800ರ ಅಕ್ಟೋಬರ್‌ನಲ್ಲಿ ನಿಜಾಮರಿಗೂ ಕಂಪನಿಗೂ ಆದ ಒಪ್ಪಂದವನ್ನು ಕಂಪನಿಯ ಪರವಾಗಿ ಮಾಡಿದವನು ಇವನೇ. ಟಿಪ್ಪುವಿನ ಜತೆಗಿನ ಯುದ್ಧಗಳಲ್ಲಿ ನಿಜಾಮರಿಗೆ ಸಿಕ್ಕಿದ್ದ ಪ್ರದೇಶಗಳು ಆ ಒಪ್ಪಂದದಿಂದ ಕಂಪನಿಗೆ ಹೋದವು. ನಮ್ಮ ಬಳ್ಳಾರಿ ಸೀಮೆ ನಿಜಾಮರ ಕೈಯಿಂದ ಮದರಾಸಿನ ಆಡಳಿತಕ್ಕೆ ಹೋದದ್ದು ಹೀಗೆ. ಬಳ್ಳಾರಿ ಕಡೆಯ ನಮ್ಮ ಸದಸ್ಯೆಯರ ಮನೆತನದ ಕಾಗದಗಳು ಎಲ್ಲಿರಬಹುದು ಎಂಬುದು ಆ ಒಂದು ಸಹಿಯಿಂದ ನಿರ್ಧಾರವಾಯಿತು. ಅದಕ್ಕೆ ಮುಂದೆ ಬರುತ್ತೇನೆ.

ಬೇಗಂ ಸರ್ಕಾರಿ ಕಾಗದಕ್ಕೆ ಬಂದದ್ದು ಮೊದಲು ಒಂದು ಹಗರಣವಾಗಿ. ಅವಳ ತಾತ ಬಾಕರ್ ಅಲಿ ಖಾನ್ ಕಂಪನಿಯ ಸೈನ್ಯಕ್ಕೆ ನಿಜಾಮರ ಕಡೆಯಿಂದ ಸಂಬಳ ಬಟವಾಡೆ ಮಾಡುವ ಬಕ್ಷಿ. ದಿವಾನ ಮೀರ್ ಆಲಂ ಅವರ ಬಂಧು. ಇಂಥ ಮನೆಯ ಹುಡುಗಿಯನ್ನು ಬ್ರಿಟಿಷ್ ರೆಸಿಡೆಂಟ್ ಮದುವೆಯಾದ ಎಂಬ ಸುದ್ದಿ ಕಲ್ಕತ್ತೆಗೆ ಮುಟ್ಟಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಗುಟ್ಟಾಗಿ ವಿಚಾರಣೆ ಮಾಡಿಸಿದ. 1801ರ ನವೆಂಬರ್‌ನಲ್ಲಿ ಇಬ್ಬರು ಸೇನಾಧಿಕಾರಿಗಳನ್ನು ಮದರಾಸಿಗೆ ಕರೆಸಿ, ಪ್ರಮಾಣ ಮಾಡಿಸಿ, ಹೇಳಿಕೆ ಬರೆಸಿಕೊಂಡರು. ಆ ಕಾಗದದಲ್ಲಿ ಪ್ರಶ್ನೆಯೆಲ್ಲ ರೆಸಿಡೆಂಟನ ನಿಷ್ಠೆಯ ಬಗ್ಗೆ. ಬೇಗಂ ಅಲ್ಲಿ ಒಂದು ಅನುಮಾನ ಮಾತ್ರ.

ಎರಡನೆಯದು ಉಯಿಲು. ಕಿರ್ಕ್‌ಪ್ಯಾಟ್ರಿಕ್ 1805ರ ಅಕ್ಟೋಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಅವನ ಉಯಿಲಿನಲ್ಲಿ ಬೇಗಂ ಹೆಸರು ಸ್ಪಷ್ಟವಾಗಿ ಇದೆ. ಅವಳಿಗೆ ತವರಿನಿಂದ ಬಂದ ಜಾಗೀರುಗಳಿವೆ, ಒಡವೆ-ವಸ್ತುಗಳೇ ಅರ್ಧ ಲಕ್ಷ ರೂಪಾಯಿಗೆ ಕಡಿಮೆಯಿಲ್ಲ, ಆದ್ದರಿಂದ ಬೇರೆ ಏರ್ಪಾಡಿನ ಅಗತ್ಯವಿಲ್ಲ, ಆದರೂ ಪ್ರೀತಿಯ ಗುರುತಾಗಿ ಹತ್ತು ಸಾವಿರ ಹೈದರಾಬಾದಿ ರೂಪಾಯಿ ಕೊಡಬೇಕು ಎಂಬುದು ಅದರ ಸಾರಾಂಶ. ಮೊದಲ ದಾಖಲೆಯ ಹಗರಣದ ಹುಡುಗಿ ಇಲ್ಲಿ ಆಸ್ತಿವಂತೆ. ಅದೇ ಉಯಿಲು ಮಕ್ಕಳನ್ನು ಮಾತ್ರ ಮದುವೆಯ ಹೊರಗೆ ಹುಟ್ಟಿದವರು ಎಂಬ ಅರ್ಥದ ಆ ಕಾಲದ ಕಾನೂನಿನ ಮಾತಿನಿಂದ ಕರೆಯುತ್ತದೆ. ಒಂದೇ ಕಾಗದದಲ್ಲಿ ಗೌರವವೂ ಇದೆ, ಕಾನೂನಿನ ಭಯವೂ ಇದೆ.

ಮೂರನೆಯದು ಚರ್ಚಿನ ಪುಸ್ತಕ. ಈ ದಂಪತಿಗೆ ಇಬ್ಬರು ಮಕ್ಕಳು. 1801ರ ಮಾರ್ಚ್‌ನಲ್ಲಿ ಹುಟ್ಟಿದ ಮಗ ಸಾಹಿಬ್ ಆಲಂ, 1802ರ ಏಪ್ರಿಲ್‌ನಲ್ಲಿ ಹುಟ್ಟಿದ ಮಗಳು ನೂರುನ್ನಿಸಾ. ಅಣ್ಣನಿಗೆ ನಾಲ್ಕು, ತಂಗಿಗೆ ಮೂರು ವರ್ಷವಾದಾಗ, 1805ರಲ್ಲಿ, ಓದಿಗಾಗಿ ಇಬ್ಬರನ್ನೂ ಇಂಗ್ಲೆಂಡಿನ ಹಡಗು ಹತ್ತಿಸಿದರು. ಹೊರಡುವ ಮುಂಚೆ ಮದರಾಸಿನಲ್ಲಿ ಚಿತ್ರಕಾರ ಜಾರ್ಜ್ ಚಿನ್ನರಿ ಹೈದರಾಬಾದಿ ಉಡುಗೆಯಲ್ಲಿದ್ದ ಇಬ್ಬರನ್ನೂ ನಿಲ್ಲಿಸಿ ಒಂದು ದೊಡ್ಡ ಚಿತ್ರ ಬರೆದ. 1806ರ ಮಾರ್ಚ್‌ನಲ್ಲಿ ಲಂಡನ್ನಿನ ಮೇರಿಲ್‌ಬೋನ್ ಚರ್ಚಿನಲ್ಲಿ ಅವರಿಗೆ ಬ್ಯಾಪ್ಟಿಸಮ್ ಆಯಿತು. ಅಂದಿನಿಂದ ಸಾಹಿಬ್ ಆಲಂ ವಿಲಿಯಂ ಜಾರ್ಜ್ ಆದ, ನೂರುನ್ನಿಸಾ ಕ್ಯಾಥರಿನ್ ಅರೋರಾ ಆದಳು. ನೂರ್ ಎಂದರೆ ಬೆಳಕು, ಅರೋರಾ ಎಂದರೆ ಅರುಣೋದಯ. ಅರ್ಥದ ಆ ಹತ್ತಿರತನ ಬಿಟ್ಟರೆ ಹಳೆಯ ಹೆಸರಿನ ಗುರುತು ಉಳಿಯಲಿಲ್ಲ. ಮಕ್ಕಳು ತಾಯಿಯನ್ನು ಮತ್ತೆ ನೋಡಲೂ ಇಲ್ಲ.

ಇಷ್ಟೇ ಆಗಿದ್ದರೆ ಇಂಗ್ಲೆಂಡಿನ ಆ ಕುಟುಂಬದ ವಂಶವೃಕ್ಷದಲ್ಲಿ ಖೈರುನ್ನಿಸಾ ಖಾಲಿ ಜಾಗವಾಗಿ ಉಳಿಯುತ್ತಿದ್ದಳು. ಹಾಗಾಗದಂತೆ ತಡೆದವರು ಇಬ್ಬರು ಹೆಂಗಸರು.

ನೂರುನ್ನಿಸಾ 'ಕಿಟ್ಟಿ ಕಿರ್ಕ್‌ಪ್ಯಾಟ್ರಿಕ್' ಆಗಿ ಬೆಳೆದಳು. ಲೇಖಕ ಥಾಮಸ್ ಕಾರ್ಲೈಲ್ ಯೌವನದಲ್ಲಿ ಅವಳಿಗೆ ಮನಸೋತಿದ್ದ. ಅವನ 'ಸಾರ್ಟರ್ ರಿಸಾರ್ಟಸ್' ಕೃತಿಯ ಬ್ಲೂಮೀನ್ ಪಾತ್ರಕ್ಕೆ ಇವಳೇ ಮಾದರಿ ಎನ್ನುತ್ತಾರೆ. 1829ರಲ್ಲಿ ಕ್ಯಾಪ್ಟನ್ ಫಿಲಿಪ್ಸ್ ಎಂಬವನನ್ನು ಮದುವೆಯಾಗಿ ಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿದ್ದಳು. ತಂದೆಯ ಸಹಾಯಕನಾಗಿದ್ದು ಮುಂದೆ ತಾನೂ ಹೈದರಾಬಾದಿನ ರೆಸಿಡೆಂಟ್ ಆಗಿದ್ದ ಹೆನ್ರಿ ರಸೆಲ್‌ನ ಮನೆಗೆ ಒಮ್ಮೆ ಹೋದಾಗ, ಗೋಡೆಯ ಮೇಲೆ ಚಿನ್ನರಿ ಬರೆದ ಆ ಚಿತ್ರ ಕಂಡಳು. ತಾನು ಮತ್ತು ಅಣ್ಣ! ಅಣ್ಣ ತೀರಿಹೋಗಿ ಹತ್ತು ವರ್ಷಕ್ಕೂ ಹೆಚ್ಚಾಗಿತ್ತು. ಹೈದರಾಬಾದಿನಲ್ಲಿ ತಾಯಿಯ ತಾಯಿ ಶರಫುನ್ನಿಸಾ ಇನ್ನೂ ಬದುಕಿದ್ದಾರೆ ಎಂಬುದು ತಿಳಿದಾಗ ಅವಳು ಪತ್ರ ಬರೆದಳು. ಅದು 1841. ಮೂರು ವರ್ಷದ ಕೂಸಾಗಿ ಹೊರಟವಳಿಗೆ ಆಗ ಮೂವತ್ತೊಂಬತ್ತು.

ಅಜ್ಜಿ ಪಾರಸಿಯಲ್ಲಿ ಹೇಳಿ ಬರೆಸುತ್ತಿದ್ದರು, ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ರೆಸಿಡೆನ್ಸಿಯಲ್ಲಿದ್ದ ಅಧಿಕಾರಿಯೊಬ್ಬ ಅನುವಾದ ಮಾಡಿಸಿ ದಾಟಿಸುತ್ತಿದ್ದ. ಅಜ್ಜಿ 1847ರಲ್ಲಿ ತೀರಿಕೊಳ್ಳುವವರೆಗೂ, ಸುಮಾರು ಆರು ವರ್ಷ, ಈ ಪತ್ರವ್ಯವಹಾರ ನಡೆಯಿತು. ಅಜ್ಜಿ ತನ್ನ ಮಗಳ ಕೂದಲಿನ ಎಳೆಯನ್ನೂ ಮೊಮ್ಮಗಳಿಗೆ ಕಳಿಸಿದರು. ಯಾವ ಕಚೇರಿಯ ಮುದ್ರೆಯೂ ಇಲ್ಲದ ದಾಖಲೆ ಅದು. ವಿಚಾರಣೆಯ ಕಾಗದದಲ್ಲಿ ಅನುಮಾನವಾಗಿದ್ದವಳು, ಉಯಿಲಿನಲ್ಲಿ ಆಸ್ತಿವಂತೆಯಾಗಿದ್ದವಳು, ಈ ಪತ್ರಗಳಲ್ಲಿ ಮೊದಲ ಬಾರಿಗೆ ಒಬ್ಬಳ ಮಗಳು, ಇನ್ನೊಬ್ಬಳ ತಾಯಿ ಆದಳು.

ಕಿಟ್ಟಿ ತೀರಿಕೊಂಡದ್ದು 1889ರಲ್ಲಿ. ನಾಲ್ಕು ವರ್ಷಗಳ ನಂತರ ಅವಳ ಬಂಧು ಎಡ್ವರ್ಡ್ ಸ್ಟ್ರೇಚಿ ಈ ಮದುವೆಯ ಕಥೆಯನ್ನು ಬ್ಲಾಕ್‌ವುಡ್ಸ್ ಮ್ಯಾಗಜೀನ್‌ನಲ್ಲಿ ಬರೆದ. ಇನ್ನೂ ನೂರು ವರ್ಷ ಕಳೆದ ಮೇಲೆ ವಿಲಿಯಂ ಡಾಲ್ರಿಂಪಲ್ ಲಂಡನ್ನಿನಲ್ಲಿರುವ ಕಂಪನಿಯ ಕಡತಗಳು, ಕಿರ್ಕ್‌ಪ್ಯಾಟ್ರಿಕ್ ಅಣ್ಣನಿಗೆ ಬರೆದ ಪತ್ರಗಳು, ವಂಶಸ್ಥರ ಬಳಿಯಿದ್ದ ಕಾಗದಗಳು, ಬೇಗಂ ಮನೆತನದವನೇ ಆದ ಅಬ್ದುಲ್ ಲತೀಫ್ ಶುಸ್ತರಿ ಪಾರಸಿಯಲ್ಲಿ ಬರೆದ ಪುಸ್ತಕ, ಎಲ್ಲವನ್ನೂ ಎದುರುಬದುರು ಇಟ್ಟು ಓದಿ 2002ರಲ್ಲಿ 'ವೈಟ್ ಮುಘಲ್ಸ್' ಪ್ರಕಟಿಸಿದರು. ಈ ಕೆಲಸ ಮಾಡುವಾಗಲೇ ತಮ್ಮ ಸ್ವಂತ ಕುಟುಂಬದಲ್ಲೂ ಹದಿನೆಂಟನೇ ಶತಮಾನದ ಬಂಗಾಳಿ ಅಜ್ಜಿಯೊಬ್ಬರಿದ್ದರು ಎಂಬುದು ಅವರಿಗೆ ತಿಳಿಯಿತು. ಬೇರೆಯವರ ಅಜ್ಜಿಯನ್ನು ಹುಡುಕಹೊರಟವರಿಗೆ ತಮ್ಮ ಅಜ್ಜಿ ಸಿಕ್ಕರು.

ನನಗೆ ಇಲ್ಲಿ ಕಾಣುವ ಪಾಠ ಇಷ್ಟು. ಸರ್ಕಾರಿ ದಾಖಲೆ ಹೊಲ, ಹುದ್ದೆ, ತೆರಿಗೆ, ತಕರಾರುಗಳ ಬೆನ್ನು ಹತ್ತುತ್ತದೆ. ಹೆಣ್ಣು ಅದರೊಳಗೆ ಬರುವುದು ಆಸ್ತಿ ಇದ್ದರೆ, ಗಂಡ ಸತ್ತರೆ, ದತ್ತು ತೆಗೆದುಕೊಂಡರೆ, ಇಲ್ಲವೇ ಜಗಳ ಕೋರ್ಟಿಗೆ ಹೋದರೆ. ಅವಳು ಯಾರಿಗೆ ಏನಾಗಿದ್ದಳು ಎಂಬುದನ್ನು ಇಟ್ಟುಕೊಳ್ಳಬೇಕಾದ್ದು ಮನೆ. ಎರಡೂ ಸೇರಿದರೆ ಮಾತ್ರ ಒಬ್ಬ ವ್ಯಕ್ತಿ ಕಣ್ಣಿಗೆ ಕಟ್ಟುತ್ತಾಳೆ.

ನಮ್ಮ ಅಜ್ಜಿಯರು ಬೇಗಂಗಳಲ್ಲ, ನಿಜ. ಆದರೆ ದಾರಿ ಅದೇ. ಹುಡುಕುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ: ಆಗ ನಮ್ಮೂರು ಯಾರ ಆಳ್ವಿಕೆಯಲ್ಲಿತ್ತು? ಬೀದರ್, ಕಲಬುರಗಿ, ರಾಯಚೂರು ಸೀಮೆಯ ನಿಜಾಮರ ಕಾಲದ ಕಡತಗಳನ್ನು ಹುಡುಕುವವರು ಶುರುಮಾಡಬೇಕಾದ್ದು ನಮ್ಮ ತಾರ್ನಾಕದ ರಾಜ್ಯ ಪತ್ರಾಗಾರದಿಂದ. ಹೈಟೆಕ್ ಸಿಟಿಯಿಂದ ಅಲ್ಲಿಗೆ ಒಂದೇ ಮೆಟ್ರೋ. ಅಲ್ಲಿ ಪಾರಸಿ, ಉರ್ದು ಬಲ್ಲವರ ನೆರವು ಬೇಕು. ಬಳ್ಳಾರಿಯವರು 1800ರ ನಂತರದ ಕಾಗದಗಳಿಗೆ ಚೆನ್ನೈನ ಎಗ್ಮೋರಿನತ್ತ ನೋಡಬೇಕು. ಪೇಶ್ವೆಯರ ಕೈಕೆಳಗಿದ್ದ ಧಾರವಾಡ, ವಿಜಯಪುರದ ಕಡೆಯವರಿಗೆ ಪುಣೆಯ ಪೇಶ್ವೆ ದಫ್ತರ. ಅದರ ಲಿಪಿ ಮೋಡಿ. ಹಳೆ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ.

ಎರಡನೆಯದು ಕಾಲದ ಲೆಕ್ಕ. ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ನಮ್ಮ ಕಡೆಯ ಫಸಲಿಗೆ 590. ಹಿಜರಿ ವರ್ಷಕ್ಕೆ ಸುಮಾರು 354 ದಿನವಾದ್ದರಿಂದ ಬರೀ ಕೂಡಿಸಿದರೆ ಸಾಲದು, ಪಟ್ಟಿ ನೋಡಬೇಕು. ಮನೆಯ ಕಾಗದದಲ್ಲಿ ಬರೀ 'ದುಂದುಭಿ ಸಂವತ್ಸರ' ಎಂದಿದ್ದರೆ ಅದು 1742-43 ಆಗಬಹುದು, 1802-03 ಆಗಬಹುದು, 1862-63 ಕೂಡ ಆಗಬಹುದು. ಅರವತ್ತು ವರ್ಷವೆಂದರೆ ಎರಡು ತಲೆಮಾರು ಅದಲುಬದಲಾದಂತೆ.

ಮೂರನೆಯದು ಹೆಸರು. ನೂರುನ್ನಿಸಾ ಕ್ಯಾಥರಿನ್ ಆದದ್ದು ಓದಿ ಮರುಗುವ ಮುಂಚೆ, ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುತ್ತಿದ್ದುದನ್ನು ನೆನೆಯಬೇಕು. ತವರಿನವರು ಕರೆಯುವ ಹೆಸರೊಂದು, ಅತ್ತೆಮನೆಯ ಹೆಸರೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿಡದಿದ್ದರೆ ಮುಂದಿನವರಿಗೆ ಅವರು ಇಬ್ಬರಾಗಿಬಿಡುತ್ತಾರೆ.

ನಾಲ್ಕನೆಯದು ಮನೆಯೊಳಗಿನ ನೆನಪು. ಶ್ರಾದ್ಧ ಮಾಡುವ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಹೀಗೆ ಮೂರು ತಲೆಮಾರಿನ ಹೆಂಗಸರ ಹೆಸರು ಹೇಳುತ್ತಾರೆ. ಮಗನ ಸರದಿ ಬಂದಾಗ ಮೇಲಿನ ಒಂದು ಹೆಸರು ಜಾರಿಹೋಗುತ್ತದೆ. ಜಾರುವ ಮೊದಲು ಅದನ್ನು ಬರೆದುಕೊಳ್ಳಬೇಕು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ಮನೆತನದ ಪೀಳಿಗೆ ಹೇಳಿ ಕಾಳುಕಡಿ ಪಡೆಯುವ ಹೆಳವರು ನಿಮ್ಮೂರಿಗೆ ಈಗಲೂ ಬರುತ್ತಿದ್ದರೆ, ಅವರ ಹೊತ್ತಗೆಯಲ್ಲಿ ಸೊಸೆಯರ ಹೆಸರು, ಅವರ ತವರೂರು ಇದೆಯೇ ಎಂದು ಬಿಡದೆ ಕೇಳಿ. ಕಾಶಿ, ಗಯೆ, ತ್ರ್ಯಂಬಕಕ್ಕೆ ಹೋದವರಿದ್ದರೆ ಅಲ್ಲಿನ ತೀರ್ಥಪುರೋಹಿತರ ವಹಿಗಳನ್ನೂ ವಿಚಾರಿಸಿ. ಹಳೆಯ ಟ್ರಂಕಿನಲ್ಲಿರುವ ಪತ್ರ, ಪಾತ್ರೆಯ ಅಂಚಿನಲ್ಲಿ ಕೊರೆಸಿದ ಹೆಸರು, ಇವೂ ದಾಖಲೆಗಳೇ. ತವರಿನಿಂದ ಬಂದ ಕೊಳಗ-ಚೊಂಬುಗಳ ಮೇಲೆ ಹೆಣ್ಣಿನ ಹೆಸರು ಸಿಗುವಷ್ಟು ಸುಲಭವಾಗಿ ಹೊಲದ ಪತ್ರದಲ್ಲಿ ಸಿಗುವುದಿಲ್ಲ.

ನಮ್ಮ ವೇದಿಕೆಯ ಗೆಳತಿಯರಲ್ಲಿ ಒಂದು ಕೋರಿಕೆ. ಈ ವರ್ಷ ಊರಿಗೆ ಹೋದಾಗ ಮನೆಯ ಹಿರಿಯ ಹೆಂಗಸರ ಪಕ್ಕ ಒಂದು ಮಧ್ಯಾಹ್ನ ಕೂತು, ಅವರ ತಾಯಿ, ತಾಯಿಯ ತಾಯಿ, ಅವರ ತಾಯಿ ಎಂದು ಹೆಣ್ಣಿನ ಸಾಲಿನಲ್ಲೇ ಹಿಂದಕ್ಕೆ ಕೇಳುತ್ತ ಹೋಗಿ. ಪ್ರತಿ ಹೆಸರಿನ ಮುಂದೆ ತವರೂರು, ಮೊದಲ ಹೆಸರು, ಹೇಳಿದವರು ಯಾರು, ಬರೆದ ದಿನಾಂಕ ಇಷ್ಟನ್ನು ಬರೆದಿಡಿ. ನಾಲ್ಕೈದು ಹೆಸರಿಗೆ ನೆನಪು ನಿಲ್ಲಬಹುದು, ನಿಲ್ಲಲಿ. ಶರಫುನ್ನಿಸಾ ಮತ್ತು ಕಿಟ್ಟಿ ಬರೆದುಕೊಂಡದ್ದು ತಮಗೆ ಗೊತ್ತಿದ್ದಷ್ಟನ್ನೇ, ಆರೇ ವರ್ಷ. ಆ ಪತ್ರಗಳಿಲ್ಲದಿದ್ದರೆ ಅಷ್ಟು ದೊಡ್ಡ ಕೋಠಿಯೂ ಖೈರುನ್ನಿಸಾಳನ್ನು ನಮ್ಮ ತನಕ ಇಷ್ಟು ಹತ್ತಿರ ತರುತ್ತಿರಲಿಲ್ಲ.