ಅಂಗಳದ ಗರಿಕೆಗೂ ಹಲುಬೆ

ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಹಿಂದೆ ಮನೆ ಮುಂದೆ ಹುಲ್ಲು ಬೆಳೆದಿದ್ದರೆ ಒಳಗೆ ಯಾರೂ ವಾಸವಿಲ್ಲ ಎಂದೇ ಲೆಕ್ಕ. ಅಂಗಳವೆಂದರೆ ಸಗಣಿ ಸಾರಿಸಿ ರಂಗೋಲಿ ಬಿಡುವ, ಸುಗ್ಗಿಯಲ್ಲಿ ಕಾಳು ಒಣಹಾಕುವ ಜಾಗ. ಗರಿಕೆ ಗೌರಿ-ಗಣೇಶ ಹಬ್ಬದ ದಿನ ದೇವರ ಮುಡಿಗೇರುತ್ತಿತ್ತು. ಮಿಕ್ಕ ದಿನಗಳಲ್ಲಿ ಕುಂಟೆಗೂ ಬಗ್ಗದ ಕಳೆ. ಅದೇ ಗರಿಕೆಯ ತಳಿಗಳು ಈಗ ಬರ್ಮುಡಾ ಗ್ರಾಸ್ ಎಂಬ ಹೆಸರು ಹೊತ್ತು ನರ್ಸರಿಗಳಲ್ಲಿ ಚದರಡಿ ಲೆಕ್ಕದಲ್ಲಿ ಮಾರಾಟವಾಗುತ್ತಿವೆ.

ಲಾನ್ ಎಂಬುದು ತಂಪು ಇಂಗ್ಲೆಂಡಿನ ಶ್ರೀಮಂತರ ಹವ್ಯಾಸ. 1830ರಲ್ಲಿ ಎಡ್ವಿನ್ ಬಡಿಂಗ್ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಬಟ್ಟೆಯ ಮೇಲಿನ ಜುಂಗು ಸವರುವ ಗಿರಣಿಯ ಯಂತ್ರ ನೋಡಿ ಅವನಿಗೆ ಆ ಉಪಾಯ ಹೊಳೆದಿತ್ತಂತೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಉದ್ಯಾನಗಳ ಚಹರೆಯನ್ನೇ ಬದಲಿಸಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ತಲೆ ಎತ್ತಿತು. ಅದೇ ಕಟ್ಟೆಯ ಹಿನ್ನೀರು ಚಾಚಿದ್ದ ಕೆ.ಆರ್. ನಗರದ ಕಡೆ ಮಾತ್ರ ಜನರಿಗೆ ಬೇಕಿದ್ದದ್ದು ಭತ್ತ. ತಾಲ್ಲೂಕುಗಳಲ್ಲಿ ಹುಲ್ಲುಹಾಸು ಪ್ರವಾಸಿ ಮಂದಿರದ ಕಾಂಪೌಂಡು ದಾಟಲಿಲ್ಲ. ಅಲ್ಲೂ ಕೊಯ್ಲು ಕುಡುಗೋಲಿನದು, ಕೊಯ್ದದ್ದು ಯಾರದೋ ಹಸುವಿಗೆ.

ಕಾಂಪೌಂಡು ದಾಟಿದ್ದು ಆಮೇಲೆ. 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿತು, ಎಚ್.ಡಿ. ಕೋಟೆಯ ಕಾರಾಪುರದಲ್ಲಿ ಕಬಿನಿ ಲಾಡ್ಜ್ ಬಂತು, ಬೆನ್ನಿಗೇ ರೆಸಾರ್ಟುಗಳು. ಬೈಲಕುಪ್ಪೆಯ ಚಿನ್ನದ ದೇಗುಲ ನೋಡಲು ಹೋದವರು ಆವರಣದ ಹಸಿರನ್ನೂ ಕಣ್ಣಲ್ಲಿ ತುಂಬಿಕೊಂಡು ಬಂದರು. ಕಲ್ಯಾಣಮಂಟಪ, ಹೊಸ ಬಡಾವಣೆಯ ಮನೆ, ನಿವೃತ್ತರ ತೋಟದ ಮನೆ, ಹೀಗೆ ಲಾನ್ ಹಬ್ಬಿತು. ಹುಲ್ಲು ಬಂದಷ್ಟು ಬೇಗ ಅದರ ಆರೈಕೆಯ ಬುದ್ಧಿ ಬರಲಿಲ್ಲ.

ಮೊದಲ ಎರಡು ವರ್ಷ ಎಲ್ಲ ಚೆಂದ. ಆಮೇಲೆ ಕಾಲಿಟ್ಟರೆ ಹಾಸಿಗೆಯ ಹಾಗೆ ಮೆತ್ತಗೆ ಕುಸಿಯುತ್ತದೆ, ನೀರು ಹಾಯಿಸಿದರೆ ಪಕ್ಕಕ್ಕೆ ಹರಿಯುತ್ತದೆ. ಹಸಿರು ಎಲೆಗೂ ಮಣ್ಣಿಗೂ ನಡುವೆ ಸತ್ತ ಬಳ್ಳಿ, ಬೇರು, ಕಾಂಡ ಹೆಣೆದುಕೊಂಡು ಕಂದು ಪದರವಾಗಿರುತ್ತದೆ. ಇಂಗ್ಲಿಷಿನಲ್ಲಿ ಅದು ಥ್ಯಾಚ್, ಅಂದರೆ ಗುಡಿಸಲಿನ ಹುಲ್ಲುಹೊದಿಕೆ. ಹೆಸರಿಗೆ ತಕ್ಕ ಹಾಗೆ ಮಳೆಯನ್ನು ಕೆಳಗೆ ಬಿಡದು. ಅರ್ಧ ಇಂಚಿನವರೆಗೆ ತೊಂದರೆಯಿಲ್ಲ, ಬುಡಕ್ಕೆ ತಂಪು. ದಪ್ಪವಾದರೆ ಬೇರು ಮಣ್ಣು ಬಿಟ್ಟು ಆ ಪದರದಲ್ಲೇ ಇಳಿಯುತ್ತದೆ, ಶಿಲೀಂಧ್ರಕ್ಕೂ ಹುಳಕ್ಕೂ ಮನೆ ಸಿಗುತ್ತದೆ. ಕೊಯ್ದು ಬಿಟ್ಟ ಎಲೆತುಂಡುಗಳ ಮೇಲೆ ತಪ್ಪು ಹೊರಿಸುವವರಿದ್ದಾರೆ. ಅವು ಬೇಗ ಕೊಳೆಯುತ್ತವೆ. ಕೊಳೆಯಲು ತಡಮಾಡುವುದು ಬಳ್ಳಿ ಮತ್ತು ಬೇರು.

ಇದಕ್ಕೆ ಮದ್ದು ಹಲ್ಲಿನ ಕುಂಟೆಯಿಂದ ಪದರವನ್ನು ಎಳೆದು ತೆಗೆಯುವುದು. ಪೇಟೆಯಲ್ಲಿ ಅದಕ್ಕೆ ಯಂತ್ರವಿದೆ, ಡಿಥ್ಯಾಚರ್ ಎಂಬ ಹೆಸರಿದೆ. ಆದರೆ ರಾಗಿ ಬೆಳೆಯುವ ಈ ಸೀಮೆಗೆ ಹಲುಬೆ ಹೊಸದೇ? ಬಿತ್ತಿದ ಎರಡು ಮೂರು ವಾರಕ್ಕೆ ಎಳೆ ಪೈರಿನ ಮೇಲೆ ಎತ್ತು ಕಟ್ಟಿ ಹಲುಬೆ ಹೊಡೆಯುತ್ತಿದ್ದರು. ಹೆಚ್ಚಿನ ಪೈರು, ಕಳೆ ಕಿತ್ತು ಬರುತ್ತಿತ್ತು, ಮಣ್ಣು ಸಡಿಲವಾಗುತ್ತಿತ್ತು. ನಾಲ್ಕು ದಿನ ಹೊಲ ಹಾಳಾದಂತೆ ಕಂಡು, ಆಮೇಲೆ ಉಳಿದ ಪೈರು ತೆಂಡೆಯೊಡೆಯುತ್ತಿತ್ತು. ಲಾನಿನ ಕಥೆಯೂ ಅದೇ. ಕುಂಟೆ ಎಳೆದ ಮರುದಿನ ಮನೆಯಾಕೆ ಬೆಚ್ಚುವಷ್ಟು ಬೋಳಾಗಿರುತ್ತದೆ. ಬೆಳೆಯುವ ಕಾಲವಾಗಿದ್ದರೆ ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ.

ಕಾಲದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಚಳಿನಾಡಿನ ಹುಲ್ಲಿಗೆ ಶರತ್ಕಾಲ ಸರಿ, ಗರಿಕೆಗೆ ಸೆಕೆ ಮತ್ತು ತೇವ ಎರಡೂ ಬೇಕು. ಇಲ್ಲಿನ ಪಂಚಾಂಗದಲ್ಲಿ ಹೇಳುವುದಾದರೆ ಭರಣಿ, ಕೃತ್ತಿಕೆ ಮಳೆ ಬಿದ್ದು ಹೊಸ ಚಿಗುರು ಕಂಡ ಮೇಲೆ, ಮೇ ತಿಂಗಳಲ್ಲಿ. ಪಶ್ಚಿಮದ ಕಾಡಂಚಿನಲ್ಲಿ ಮುಂಗಾರು ಜೋರಾದ ಮೇಲೆ ಎಳೆದರೆ ಗಾಯಗೊಂಡ ಬುಡ ಕೊಳೆಯಬಹುದು. ಕೆ.ಆರ್. ನಗರದ ನಾಲೆ ಬಯಲಿನ ಅಂಟುಮಣ್ಣಿನಲ್ಲಿ ನೆಲ ಒಂದಿಷ್ಟು ಆರಬೇಕು. ಎಳೆದ ಮೇಲೆ ಜರಡಿ ಹಿಡಿದ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತೆಳುವಾಗಿ ಎರಚಿದರೆ ಸಾಕು. ಮಿಕ್ಕದ್ದನ್ನು ಎರೆಹುಳು ನೋಡಿಕೊಳ್ಳುತ್ತದೆ.

ಯೂರಿಯಾದ ಕೈ ಮಾತ್ರ ಬಿಗಿ ಇರಬೇಕು. ಹುಣಸೂರಿನ ವರ್ಜೀನಿಯಾ ಹೊಗೆಸೊಪ್ಪಿನ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಸಾರಜನಕ ಹೆಚ್ಚಾದರೆ ಎಲೆ ಹಣ್ಣಾಗುವುದು ತಡ, ಬ್ಯಾರನ್ನಿನಲ್ಲಿ ಬಣ್ಣ ಕೆಡುತ್ತದೆ. ಅದೇ ರೈತ ಮನೆ ಮುಂದಿನ ಹುಲ್ಲಿಗೆ ಹಿಡಿ ಹಿಡಿ ಚೆಲ್ಲುವುದೊಂದು ವಿಚಿತ್ರ. ಉಕ್ಕಿ ಬೆಳೆದ ಹುಲ್ಲು ಕೊಳೆಯುವ ವೇಗವನ್ನು ಮೀರುತ್ತದೆ, ಪದರ ದಪ್ಪವಾಗುತ್ತದೆ.

ಯಾರೂ ಕುಂಟೆ ಎಳೆಯದ ಹುಲ್ಲುಗಾವಲೂ ಇದೇ ಸೀಮೆಯಲ್ಲಿದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಹಿಂದೆ ಸರಿದಾಗ ಹಸಿ ದಡದ ತುಂಬ ಎಳೆ ಹುಲ್ಲು ಏಳುತ್ತದೆ. ನಾಗರಹೊಳೆ, ಬಂಡೀಪುರದ ಆನೆ, ಜಿಂಕೆಗಳು ಹಿಂಡಾಗಿ ಬಂದು ಮೇಯುತ್ತವೆ. ಬೆಳೆದದ್ದು ಹೊಟ್ಟೆಗೆ ಹೋದರೆ ಸತ್ತು ಪದರಗಟ್ಟಲು ಉಳಿಯುವುದೇನು? ಮಳೆ ಹಿಡಿದು ನೀರು ಏರಿತೆಂದರೆ ಮುಂದಿನ ಬೇಸಿಗೆಯವರೆಗೆ ಆ ಹಾಸು ಹೊಳೆಯ ಅಡಿಯಲ್ಲಿ.