ಹತ್ತಿ ಹೋಯ್ತು, ಎತ್ತು ಉಳೀತು

ಬೆಂಗಳೂರಿನಿಂದ ಹುಬ್ಬಳ್ಳಿ ರೈಲಲ್ಲಿ ಹೋಗುವಾಗ, ಬೀರೂರು ದಾಟಿದ ಮೇಲೆ ಒಮ್ಮೆ ಮೊಬೈಲಿನಿಂದ ತಲೆ ಎತ್ತಿ ನೋಡಿ. ಅಜ್ಜಂಪುರ ಹತ್ತಿರವಾದಂತೆ ಹೊಲದ ಮಣ್ಣು ಕಪ್ಪಾಗುತ್ತೆ. ಎರೆ ಭೂಮಿ. ಚಿಕ್ಕಮಗಳೂರು ಅಂದ್ರೆ ನಮಗೆಲ್ಲ ಕಾಫಿ, ಹೋಂಸ್ಟೇ. ಅದೇ ಜಿಲ್ಲೆಯ ಈ ಮೂಲೆ ಮಾತ್ರ ಹತ್ತಿಯ ಸೀಮೆ. 1947ರವರೆಗೆ ಇದು ಕಡೂರು ಜಿಲ್ಲೆ, ತರೀಕೆರೆ ತಾಲ್ಲೂಕು. ಅಜ್ಜಂಪುರ ತಾನೇ ತಾಲ್ಲೂಕಾಗಿದ್ದು 2018ರಲ್ಲಿ.

ಎರೆ ಮಣ್ಣು ಮಳೆ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ನೀರಾವರಿ ಇಲ್ಲದೆಯೂ ಹತ್ತಿ ಬರುತ್ತೆ. ಆದರೆ ಆ ಜಿಗುಟು ನೆಲ ಉಳೋಕೆ ಗಟ್ಟಿ ಎತ್ತು ಬೇಕು. ಈ ಸೀಮೆಯ ಕಾವಲುಗಳಲ್ಲಿ ಅಂಥ ತಳಿಯೂ ಮೇಯುತ್ತಿತ್ತು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ‘ಅಮೃತಮಹಲ್’ ಅಂತ ಹೆಸರಿಟ್ಟ. ಫಿರಂಗಿ ಎಳೆಯೋದು ಅವುಗಳ ಕೆಲಸ. 1799ರ ನಂತರ ಹಿಂಡು ಬ್ರಿಟಿಷರ ಕೈ ಸೇರಿತು.

1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವಿಲಿಯನ್ ಖರ್ಚು ಜಾಸ್ತಿ ಅಂತ ಈ ಇಲಾಖೆಯನ್ನೇ ಮುಚ್ಚಿಸಿ ದನಗಳನ್ನು ಮಾರಿಸಿದ. ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧ. ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತು, ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ. ಉಳುವ, ಗಾಡಿ ಎಳೆಯುವ ಎತ್ತಿಗೆ ಬೇಡಿಕೆ ಏರುವ ಹೊತ್ತಿಗೆ ಒಳ್ಳೆಯ ತಳಿಯ ಮೂಲವನ್ನೇ ಹರಾಜು ಹಾಕಿಯಾಗಿತ್ತು. (ಕಾಸ್ಟ್ ಕಟಿಂಗ್ ನಮ್ಮ ಆಫೀಸುಗಳು ಕಂಡುಹಿಡಿದ ರೋಗವೇನಲ್ಲ.) 1866ರಲ್ಲಿ ಮತ್ತೆ ದನ ಹುಡುಕಿ ಹಿಂಡು ಕಟ್ಟಿದರು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಶುರುವಾಯ್ತು.

ಅಷ್ಟರಲ್ಲಿ ರೈಲು ಬಂದಿತ್ತು. 1889ರಲ್ಲಿ ಹರಿಹರದವರೆಗೆ ಹಳಿ ಬಿತ್ತು. ಮುಂದೆ ಅದೇ ದಾರಿಯ ದಾವಣಗೆರೆ ಬಟ್ಟೆ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡಿತು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೊಲದಲ್ಲೂ ಹತ್ತಿಯ ಜಾಗಕ್ಕೆ ಈರುಳ್ಳಿ ಬಂತು, ಬೋರ್‌ವೆಲ್ ಇದ್ದ ಕಡೆ ಅಡಿಕೆ.

ಈಗ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ನೆಲದಡಿಯಲ್ಲೇ ಹಾದು ವಾಣಿವಿಲಾಸ ಸಾಗರದತ್ತ ನೀರು ಕೊಂಡೊಯ್ಯುತ್ತೆ. 2022ರಲ್ಲಿ ಆ ಜಲಾಶಯ 89 ವರ್ಷಗಳ ನಂತರ ಕೋಡಿ ಬಿತ್ತು. ನೀರು ಕಂಡ ಹೊಲದಲ್ಲಿ ಮಳೆಯಾಶ್ರಯದ ಹತ್ತಿಯನ್ನು ಮತ್ತೆ ಯಾರು ಬಿತ್ತುತ್ತಾರೆ? ಬಿತ್ತಿ ಅಂತ ಬೆಂಗಳೂರಲ್ಲಿ ಕೂತು ಹೇಳೋ ಹಕ್ಕೂ ನನಗಿಲ್ಲ.

ಅಮೃತಮಹಲ್ ಕೇಂದ್ರದಲ್ಲಿ ಮಾತ್ರ ಈಗಲೂ ಹೋರಿಕರುಗಳ ಹರಾಜು ನಡೆಯುತ್ತೆ. ಬೇರೆ ಜಿಲ್ಲೆಗಳಿಂದ ರೈತರು ಬರ್ತಾರೆ, ಜೋಡಿಗೆ ಲಕ್ಷ ದಾಟೋದೂ ಉಂಟು.